ಎಂಟನೇ ಕ್ಲಾಸಿನ ಅಂಕ ಎಲ್ಲಿಯ ತನಕ?

ಹೋದ ವಾರ ಪಕ್ಷದ ಕೆಲಸದ ಮೇಲೆ ನಲ್ಲೂರಿಗೆ ಹೋಗಿದ್ದೆವು. ಹುಣಸೇತೋಪಿನ ಬಳಿ ಕಾರ್ಮಿಕರೊಬ್ಬರು ಸೈಕಲ್ಲು ನಿಲ್ಲಿಸಿ ಕೇಳಿದರು: “ಮೇಷ್ಟ್ರೇ, ನಮ್ಮ ಹುಡುಗ ಎಂಟನೇ ಕ್ಲಾಸಲ್ಲಿ ಕಮ್ಮಿ ನಂಬರು ತಗೊಂಡವ್ನೆ. ಆ ನಂಬರು ಅವನ ಹಿಂದೆ ಎಲ್ಲೀಗಂಟ ಬತ್ತದೆ?” ಪ್ರಶ್ನೆ ಸರಳವಾದದ್ದು. ಆದರೆ ಉತ್ತರಕ್ಕೆ ನಾವು ತಡವರಿಸಬೇಕಾಯಿತು.

ಏಕೆಂದರೆ ಈ ವಿಷಯದಲ್ಲಿ ಸರ್ಕಾರವೇ ಒಂದು ನಿಲುವಿಗೆ ಬಂದಿಲ್ಲ. ಐದನೇ ಮತ್ತು ಎಂಟನೇ ತರಗತಿಗೆ ಬೋರ್ಡಿನ ಪರೀಕ್ಷೆ ನಡೆಸಲು ಸರ್ಕಾರ ಹೊರಟಿತು. 2023ರ ಮಾರ್ಚಿಯಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು. ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಒಪ್ಪಿಗೆ ಕೊಟ್ಟು, ಪರೀಕ್ಷೆ ನಡೆಯಿತು. 2024ರ ಮಾರ್ಚಿಯಲ್ಲಿ ಮತ್ತೆ ಅದೇ ಕಥೆ. ಪರೀಕ್ಷೆ ಶುರುವಾಯಿತು, ನಡುವೆ ನಿಂತಿತು, ಮತ್ತೆ ನಡೆಯಿತು. ಕೊನೆಗೆ ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಫಲಿತಾಂಶಕ್ಕೆ ತಡೆ ಹಾಕಿ, ಆ ಅಂಕಗಳನ್ನು ಯಾವ ಕೆಲಸಕ್ಕೂ ಬಳಸಬಾರದೆಂದಿತು. ಮಕ್ಕಳು ಪರೀಕ್ಷೆ ಬರೆದದ್ದಾಯಿತು, ಪೇಪರು ತಿದ್ದಿದ್ದಾಯಿತು, ಅಂಕ ಮಾತ್ರ ಅತಂತ್ರವಾಯಿತು.

ಪರೀಕ್ಷೆ ಬೇಡವೆಂದು ನಾವು ಹೇಳುವುದಿಲ್ಲ. ನಾವೂ ಪಾಠ ಹೇಳಿದವರು. ಯಾವ ಹುಡುಗನಿಗೆ ಭಾಗಾಕಾರ ಬಾರದು, ಯಾವ ಹುಡುಗಿಗೆ ಓದು ತಡವರಿಸುತ್ತದೆ ಎಂಬುದು ಉಪಾಧ್ಯಾಯರಿಗೆ ಗೊತ್ತಾಗಬೇಕು. ಅಂಕ ಇರುವುದು ಅದಕ್ಕೆ. ಕೊರತೆ ಕಂಡು, ಅದನ್ನು ತುಂಬಿಸಿದ ಮೇಲೆ ಆ ಅಂಕದ ಕೆಲಸ ಮುಗಿಯಿತು. ಆಮೇಲೂ ಅದನ್ನು ದಾಖಲೆಯಲ್ಲಿ ಇಟ್ಟುಕೊಳ್ಳುವುದು ಯಾರ ಉಪಯೋಗಕ್ಕೆ ಎಂಬುದೇ ನಮ್ಮ ಪ್ರಶ್ನೆ.

ನಾವು ಮಾಸ್ತರಿಕೆ ಮಾಡುತ್ತಿದ್ದಾಗ ಮಗ್ಗದ ಮನೆಯ ಹುಡುಗನೊಬ್ಬ ಎಂಟರಲ್ಲಿ ಲೆಕ್ಕಕ್ಕೆ ತೀರ ಕಡಿಮೆ ಅಂಕ ತೆಗೆದ. ಆ ವರ್ಷ ಅವನ ತಾಯಿ ಹಾಸಿಗೆ ಹಿಡಿದಿದ್ದಳು. ಹುಡುಗ ಶಾಲೆ ಬಿಟ್ಟ ಮೇಲೆ ಲಾಳಿಗೆ ನೂಲು ಸುತ್ತುತ್ತಿದ್ದ. ಅಂಕಪಟ್ಟಿಯಲ್ಲಿ ಅಂಕವಿತ್ತೇ ಹೊರತು ಈ ಸಂಗತಿ ಇರಲಿಲ್ಲ. ಒಂಬತ್ತಕ್ಕೆ ಸೇರಿಸಲು ಹೋದ ಕಡೆ ಪಟ್ಟಿ ನೋಡಿ ಜಾಗವಿಲ್ಲವೆಂದರು. ತಂದೆಯೂ ಪಟ್ಟಿ ನೋಡಿ, “ಸಾಕು, ಮಗ್ಗಕ್ಕೆ ಬಾ” ಎಂದ. ಆ ಹುಡುಗನನ್ನು ನಾವು ಮತ್ತೆ ಶಾಲೆಗೆ ಕರೆತರಲಾಗಲಿಲ್ಲ. ಆ ನೋವು ಇಂದಿಗೂ ನಮಗಿದೆ.

ಕಾನೂನು ಇಲ್ಲವೇ ಎನ್ನಬಹುದು. ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರವೇಶಕ್ಕೆ ಮಕ್ಕಳನ್ನು ಜರಡಿ ಹಿಡಿಯಬಾರದೆನ್ನುತ್ತದೆ. ಆದರೆ ಆ ಆಸರೆ ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತರ ಬಾಗಿಲಲ್ಲಿ ಬಡವನ ಮಗು ಒಂಟಿ. 2019ರ ತಿದ್ದುಪಡಿಯಂತೂ ಐದು ಮತ್ತು ಎಂಟರಲ್ಲಿ ಮರುಪರೀಕ್ಷೆಯಲ್ಲೂ ಫೇಲಾದವರನ್ನು ಅಲ್ಲೇ ಉಳಿಸಲು ರಾಜ್ಯಗಳಿಗೆ ಅವಕಾಶ ಕೊಟ್ಟಿದೆ.

ಈಗ ಕೇಂದ್ರ ಸರ್ಕಾರದವರು ‘ಅಪಾರ್’ ಎಂಬ ಗುರುತಿನ ಸಂಖ್ಯೆ ತಂದಿದ್ದಾರೆ. ಮಗುವಿನ ವಿದ್ಯಾಭ್ಯಾಸದ ದಾಖಲೆಯೆಲ್ಲ ಒಂದೇ ಕಡೆ ಸೇರಲಿ ಎಂಬುದು ಅವರ ಉದ್ದೇಶ. ಆ ಹೆಸರಿನ ಇಂಗ್ಲಿಷ್ ವಿಸ್ತರಣೆಯಲ್ಲೇ ‘ಶಾಶ್ವತ’ ಎಂಬ ಮಾತಿದೆ. ಹದಿಮೂರು ವರ್ಷದ ಮಗುವಿನ ತಪ್ಪು ಶಾಶ್ವತವಾಗಬೇಕೇ? ಅಂಗಡಿಯವರು ಯೋಚಿಸಲಿ. ಬಾಕಿ ತೀರಿಸಿದ ಗಿರಾಕಿಯ ಹಳೇ ಸಾಲವನ್ನು ಪ್ರತಿ ವರ್ಷ ಹೊಸ ಖಾತೆ ಪುಸ್ತಕಕ್ಕೆ ಯಾರಾದರೂ ಬರೆದುಕೊಳ್ಳುತ್ತಾರೆಯೇ?

ಇನ್ನೊಂದು ಅನ್ಯಾಯವನ್ನೂ ನೋಡಿ. 2024ರಲ್ಲಿ ಎಸ್.ಎಸ್.ಎಲ್.ಸಿ.ಗೂ ದ್ವಿತೀಯ ಪಿಯುಸಿಗೂ ಮೂರು ಪರೀಕ್ಷೆಗಳ ಏರ್ಪಾಡು ಬಂದಾಗ, ಮೂರರಲ್ಲಿ ಉತ್ತಮವಾದ ಅಂಕವನ್ನು ಉಳಿಸಿಕೊಳ್ಳುವ ಅವಕಾಶವನ್ನು ಸರ್ಕಾರವೇ ಕೊಟ್ಟಿತು. ಒಳ್ಳೆಯದೇ ಆಯಿತು. ಹದಿನಾರರವನಿಗೆ ಕೆಟ್ಟ ಅಂಕವನ್ನು ಬಿಟ್ಟುಬಿಡುವ ಹಕ್ಕುಂಟು, ಹದಿಮೂರರವನಿಗೆ ಇಲ್ಲವೆಂದರೆ ಅದು ಯಾವ ನ್ಯಾಯ?

ಹಾಗಾದರೆ ಎಲ್ಲ ಅಂಕಗಳನ್ನೂ ಸುಟ್ಟುಬಿಡಿ ಎನ್ನುತ್ತೀರಾ ಎಂದು ಕೆಲವು ಮಿತ್ರರು ಕೇಳಬಹುದು. ಇಲ್ಲ. ಎಂಟನೇ ತರಗತಿಯಲ್ಲಿ ಬರೆಯುವ ಎನ್.ಎಂ.ಎಂ.ಎಸ್. ಪರೀಕ್ಷೆಯಲ್ಲಿ ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಅದಕ್ಕೆ ಏಳನೇ ತರಗತಿಯ ಅಂಕವನ್ನೂ ಕೇಳುತ್ತಾರೆ. ಕೂಲಿಕಾರನ ಮಗಳಿಗೆ ಅದು ದೊಡ್ಡ ಆಸರೆ. ಆದ್ದರಿಂದ ಅಂಕದ ಕಾಗದ ಮಗುವಿನ ಕೈಯಲ್ಲಿರಲಿ. ಅನುಕೂಲವಾದರೆ ತೋರಿಸಲಿ, ಇಲ್ಲವಾದರೆ ಪೆಟ್ಟಿಗೆಯಲ್ಲಿಡಲಿ. ಆ ತೀರ್ಮಾನ ಮಗುವಿನದು ಮತ್ತು ತಂದೆತಾಯಿಯರದು. ಕಚೇರಿಯದಲ್ಲ, ಶಾಲೆಯ ಆಡಳಿತ ಮಂಡಳಿಯದಲ್ಲ.

ನಮ್ಮ ಬೇಡಿಕೆ ಮೂರು. ಎಂಟನೇ ತರಗತಿಯವರೆಗಿನ ಅಂಕಗಳು ಶಾಶ್ವತ ದಾಖಲೆಗೆ ಸೇರಕೂಡದು. ಒಂಬತ್ತನೇ ತರಗತಿಯ ಪ್ರವೇಶಕ್ಕೆ ಯಾವ ಶಾಲೆಯೂ ಆ ಅಂಕ ಕೇಳಕೂಡದು. ಕಡಿಮೆ ಅಂಕ ಬಂದ ಮಗುವಿಗೆ ಅದೇ ವರ್ಷ ಹೆಚ್ಚಿನ ಪಾಠ ಹೇಳಿಸಬೇಕು, ಅದಕ್ಕೆ ಬೇಕಾದ ಉಪಾಧ್ಯಾಯರನ್ನು ನೇಮಿಸಬೇಕು.

ಅಲ್ಲಿಯ ತನಕ ತಂದೆತಾಯಿಯರು ಸುಮ್ಮನಿರಬಾರದು. ‘ಅಪಾರ್’ ಸಂಖ್ಯೆಗೆ ನಿಮ್ಮ ಒಪ್ಪಿಗೆ ಬೇಕು. ಓದದೆ ರುಜು ಹಾಕಬೇಡಿ. ಶಾಲಾ ಸಭೆಗೆ ಹೋಗಿ ಎದ್ದು ನಿಂತು ಕೇಳಿ. ಒಬ್ಬರೇ ಹೋಗಬೇಡಿ, ಬೀದಿಯವರನ್ನೆಲ್ಲ ಕರೆದುಕೊಂಡು ಹೋಗಿ. ನಲ್ಲೂರಿನ ಆ ಕಾರ್ಮಿಕ ಬಂಧುವಿಗೆ ನಮ್ಮ ಉತ್ತರ ಇಷ್ಟೇ: ನಾವೆಲ್ಲ ಕೂಡಿ ಎಲ್ಲಿ ತಡೆಯುತ್ತೇವೋ ಅಲ್ಲಿಯ ತನಕ.