ಗೋಲ್ ಪೋಸ್ಟಿನಲ್ಲಿ ನನ್ನ 91 ಪರ್ಸೆಂಟ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಸಲದ ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ 5–0ಯಿಂದ ಸೋತಾಗ ಗೋಲಿನಲ್ಲಿ ನಿಂತಿದ್ದವನು ನಾನೇ. ಕಾರಿಡಾರಿನಲ್ಲಿ ಎರಡು ವಾರ ಎಲ್ಲರೂ ಕೈಬೆರಳು ಐದೂ ಬಿಚ್ಚಿ ತೋರಿಸಿದ್ದೀರಿ, ನೆನಪಿದೆ. ನನ್ನನ್ನು ಗೋಲ್‌ಕೀಪರ್ ಮಾಡಿದ್ದಕ್ಕೆ ಕಾರಣ ನಾನು ಉದ್ದ ಇದ್ದೇನೆ ಎಂಬುದು ಮಾತ್ರ. ಈ ಕಾಲೇಜಿಗೆ ನಾನು ಸೇರಿದ್ದು ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 569 ಬಂದಿದ್ದರಿಂದ. 91 ಪರ್ಸೆಂಟ್. ಆ ದಿನ ಆ 91 ಪರ್ಸೆಂಟ್ ಒಂದು ಬಾಲನ್ನೂ ತಡೆಯಲಿಲ್ಲ.

ಐದರಲ್ಲಿ ಎರಡು ಗೋಲು ಹೊಡೆದವನು ನನ್ನ ಹೈಸ್ಕೂಲ್ ಸಹಪಾಠಿ. ಪಿರಿಯಾಪಟ್ಟಣದ ರಸ್ತೆ ಕಡೆಯ ಹಳ್ಳಿಯವನು. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದೆವು. ಹತ್ತನೇ ತರಗತಿ ಮುಗಿದಾಗ ನಾವಿಬ್ಬರೂ ಒಟ್ಟಿಗೆ ಇಲ್ಲಿಗೆ ಅರ್ಜಿ ತಂದಿದ್ದೆವು. ಅವನಿಗೆ ಬಂದಿದ್ದು 288, ಅಂದರೆ 46 ಪರ್ಸೆಂಟ್. ನಮ್ಮಲ್ಲಿ ಕಾಮರ್ಸ್‌ಗೆ ಕಟ್-ಆಫ್ 60 ಇತ್ತು. ಕೌಂಟರಿನಲ್ಲಿ ಅಂಕಪಟ್ಟಿ ನೋಡಿ ಅರ್ಜಿಯನ್ನು ವಾಪಸ್ ಕೊಟ್ಟರು. ಯಾರೂ ಜೋರು ಮಾತಾಡಲಿಲ್ಲ, ಅವಮಾನ ಮಾಡಲಿಲ್ಲ. ಆದರೆ ಆಟ ಆಡುತ್ತೀಯಾ ಎಂದೂ ಕೇಳಲಿಲ್ಲ. ಅರ್ಜಿಯಲ್ಲಿ ಅದಕ್ಕೆ ಒಂದು ಕಾಲಂ ಇತ್ತು, ಅವನು ತುಂಬಿಸಿಯೂ ಇದ್ದ. ಈಗ ಅವನು ಬೇರೆ ಕಾಲೇಜಿನಲ್ಲಿ ಕಾಮರ್ಸ್ ಓದುತ್ತಿದ್ದಾನೆ. ಆಟ ಮುಗಿದ ಮೇಲೆ ಬಂದು ಕೈ ಕುಲುಕಿ, ಬೆವರು ಒರೆಸಿಕೊಳ್ಳುತ್ತಾ ಕೇಳಿದ, "ಪಾರ್ಟ್‌ನರ್‌ಶಿಪ್ ಚಾಪ್ಟರ್ ನೋಟ್ಸ್ ಇದೆಯೇನೋ? ನಮಗೆ ಇನ್ನೂ ಲೆಕ್ಚರರ್ ಬಂದಿಲ್ಲ."

ಸೋತಿದ್ದಕ್ಕಿಂತ ಆ ಪ್ರಶ್ನೆ ನನ್ನ ತಲೆಯಲ್ಲಿ ಹೆಚ್ಚು ಕಾಲ ಉಳಿಯಿತು. ಅದಕ್ಕೇ ಈ ಲೇಖನ. ಗುರುಗಳು ತಪ್ಪು ತಿಳಿಯಬಾರದು.

ಅವನ 46 ಪರ್ಸೆಂಟ್ ಹೇಗೆ ಬಂತು ಎಂದು ನನಗೆ ಗೊತ್ತು. ನಮ್ಮ ಹುಣಸೂರು, ಪಿರಿಯಾಪಟ್ಟಣ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್ನಿಗೆ ರಾತ್ರಿಯಿಡೀ ಬೆಂಕಿ ಹಾಕುತ್ತಾ ಕೂರಬೇಕು. ಬಿಸಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಸೊಪ್ಪಿನ ಬಣ್ಣ ಕೆಡುತ್ತದೆ, ಹರಾಜು ಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಅವನ ಅಪ್ಪ ಮತ್ತು ಅವನು ಸರದಿ ಪ್ರಕಾರ ಕೂರುತ್ತಿದ್ದರು. ಬೆಳಿಗ್ಗೆ ಕ್ಲಾಸಿಗೆ ಬಂದರೆ ಮೈಯಲ್ಲಿ ಹೊಗೆಸೊಪ್ಪಿನ ವಾಸನೆ, ಗಣಿತದ ಪಿರಿಯಡ್‌ನಲ್ಲಿ ನಿದ್ದೆ. ಆದರೆ ಸಂಜೆ ಐದಕ್ಕೆ ಮೈದಾನದಲ್ಲಿ ಮಾತ್ರ ಎಚ್ಚರವಾಗಿರುತ್ತಿದ್ದ.

ಫುಟ್‌ಬಾಲ್ ನಮ್ಮ ಕಡೆಗೆ ಹೊಸದೂ ಅಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ ಹುಡುಗರು ಆಡುವುದನ್ನು ನೋಡಿದವರಿಗೆ ಗೊತ್ತು. ದಲೈ ಲಾಮಾ ಅವರ ತಾಯಿಯ ನೆನಪಿನಲ್ಲಿ 1981ರಿಂದ ನಡೆಯುತ್ತಿರುವ ಗ್ಯಾಲ್ಯುಮ್ ಚೆನ್ಮೊ ಗೋಲ್ಡ್ ಕಪ್ ಟೂರ್ನಿಯಲ್ಲಿ ಅವರ ಕ್ಯಾಂಪುಗಳ ತಂಡಗಳೆಲ್ಲ ಸೇರುತ್ತವೆ. ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಅವರ ಕ್ಯಾಂಪ್ ಇದೆ. ಇನ್ನು ಎಚ್.ಡಿ. ಕೋಟೆಯ ಆಚೆ ಬಾವಲಿ ದಾಟಿದರೆ ವಯನಾಡು. ಅಲ್ಲಿನ ಸೆವೆನ್ಸ್ ಆಟದ ಗಾಳಿ ಈಚೆಗೂ ಬೀಸುತ್ತದೆ. ನಮ್ಮ ತಂಡದಲ್ಲಿ ನಿಜವಾಗಿ ಆಟ ಬರುವವರು ಮೂವರು. ಅವರಲ್ಲಿ ಒಬ್ಬ ಕೋಟೆ ಕಡೆಯವನು, ಒಬ್ಬ ದಿನಾ ಕೆ.ಆರ್. ನಗರದಿಂದ ಬಸ್ಸಿನಲ್ಲಿ ಬಂದು ಹೋಗುವವನು. ಇಬ್ಬರೂ 60 ದಾಟಿದ್ದು ನಮ್ಮ ಅದೃಷ್ಟ. ಉಳಿದ ಎಂಟು ಮಂದಿ ನನ್ನಂಥವರು, ಕಾಲೇಜಿಗೆ ಸೇರಿದ ಮೇಲೆ ಜರ್ಸಿ ಹಾಕಿಕೊಂಡವರು.

ಕಟ್-ಆಫ್ ಯಾಕೆ ಇದೆ ಎಂದು ನಮ್ಮ ಲೆಕ್ಚರರ್ ಒಬ್ಬರನ್ನೇ ಕೇಳಿದೆ. ಅವರು ಕೋಪಿಸಿಕೊಳ್ಳದೆ ಉತ್ತರ ಕೊಟ್ಟರು. ಜೂನ್‌ನಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಎಲ್ಲಾ ಕಾಲೇಜಿನವರೂ ಫ್ಲೆಕ್ಸ್ ಹಾಕುತ್ತಾರೆ. ಅದರಲ್ಲಿ ಫಲಿತಾಂಶದ ಪರ್ಸೆಂಟ್ ಇರುತ್ತದೆ. ಅದು ಬಿದ್ದರೆ ಮುಂದಿನ ವರ್ಷ ತಂದೆ ತಾಯಿ ಬೇರೆ ಕಡೆ ಹೋಗುತ್ತಾರೆ. ಮಕ್ಕಳು ಕಡಿಮೆಯಾದರೆ ಸೆಕ್ಷನ್ ಕಡಿಮೆ, ಸೆಕ್ಷನ್ ಕಡಿಮೆಯಾದರೆ ಲೆಕ್ಚರರ್ ಕಡಿಮೆ. ಇದರಲ್ಲಿ ಸುಳ್ಳೇನೂ ಇಲ್ಲ. ನನ್ನ ಅಬ್ಬಾ ಕೂಡ ಆ ಫ್ಲೆಕ್ಸ್ ನೋಡಿಯೇ ನನ್ನನ್ನು ಇಲ್ಲಿಗೆ ಸೇರಿಸಿದ್ದು.

ನನಗೆ ಗೊತ್ತಿರುವ ಭಾಷೆಯಲ್ಲೇ ಹೇಳುವುದಾದರೆ, ಈ ವರ್ಷ ನಮಗೆ 'ಹೊಸ ಪಾಲುದಾರನ ಪ್ರವೇಶ' ಎಂಬ ಪಾಠವಿದೆ. ಹಳೆಯ ಪಾಲುದಾರರು ಕಷ್ಟಪಟ್ಟು ಸಂಸ್ಥೆಗೆ ಹೆಸರು ತಂದಿರುತ್ತಾರೆ. ಹೊಸಬ ಬರುವಾಗ ಆ ಹೆಸರಿಗೆ, ಅಂದರೆ ಗುಡ್‌ವಿಲ್‌ಗೆ, ಬೆಲೆ ಕೊಡಬೇಕು. ಕಟ್-ಆಫ್ ಅಂಥದ್ದೇ ಒಂದು ಬೆಲೆ ಎಂದು ನಾನು ಒಪ್ಪುತ್ತೇನೆ. ಆದರೆ ಅದೇ ಪಾಠದಲ್ಲಿ ಇನ್ನೊಂದು ಮಾತೂ ಇದೆ. ಹೊಸ ಪಾಲುದಾರ ಬಂಡವಾಳವನ್ನು ನಗದಾಗಿಯೇ ತರಬೇಕೆಂದಿಲ್ಲ. ಯಂತ್ರ ತರಬಹುದು, ಸರಕು ತರಬಹುದು, ಕಟ್ಟಡ ತರಬಹುದು. ಅದಕ್ಕೂ ಬೆಲೆ ಕಟ್ಟಿ ಅವನ ಖಾತೆಗೆ ಜಮಾ ಮಾಡುತ್ತೇವೆ. ನನ್ನ ಗೆಳೆಯ ಎಡಗಾಲು ತಂದಿದ್ದ, ಕೌಂಟರಿನಲ್ಲಿ ಅದಕ್ಕೆ ಬೆಲೆ ಕಟ್ಟುವವರು ಇರಲಿಲ್ಲ.

ಇನ್ನೊಂದು ವಿಷಯ. ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ಪಾಸಾಗಲು ಬೇಕಾದ ಅಂಕವನ್ನು ಸರ್ಕಾರ 35 ಪರ್ಸೆಂಟ್‌ನಿಂದ 33ಕ್ಕೆ ಇಳಿಸಿದೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನೂ ನಡೆಸುತ್ತಿದೆ. ಬಾಗಿಲು ಅಗಲವಾಯಿತು ಅಂತ ಪತ್ರಿಕೆಗಳಲ್ಲಿ ಓದಿದೆವು. ಆದರೆ ಪಾಸಾಗುವ ಗೆರೆಗೂ ಕಾಲೇಜುಗಳ ಕಟ್-ಆಫ್ ಗೆರೆಗೂ ನಡುವೆ ಒಂದು ಜಾಗ ಇದೆಯಲ್ಲ, ಒಳ್ಳೆಯ ಆಟಗಾರರು ಹೆಚ್ಚಾಗಿ ನಿಂತಿರುವುದು ಅಲ್ಲೇ. ನಮ್ಮ ಸೀನಿಯರ್‌ಗಳ ಜೊತೆ ಆಡುತ್ತಿದ್ದ ಕೋಟೆ ಕಡೆಯ ಇನ್ನೊಬ್ಬ ಹುಡುಗ ಎರಡನೇ ಪರೀಕ್ಷೆಯಲ್ಲಿ ಪಾಸಾದ. ಅಂಕಪಟ್ಟಿ ಹಿಡಿದು ಕಾಲೇಜುಗಳಿಗೆ ಅಲೆಯುವಷ್ಟರಲ್ಲಿ ಕ್ಲಾಸುಗಳು ಶುರುವಾಗಿದ್ದವು. ಈಗ ಶುಂಠಿ ಹೊಲಗಳಲ್ಲಿ ಲಾರಿಗೆ ಮೂಟೆ ತುಂಬುತ್ತಾನೆ. ಭಾನುವಾರ ಸೆವೆನ್ಸ್ ಆಡುತ್ತಾನಂತೆ. ಅವನ ವಯಸ್ಸು 18.

ಹಾಗಾದರೆ ಆಟಗಾರರಿಗೆ ಅಂಕವೇ ಬೇಡ, ಬಾಲ್ ಒದೆಯಲು ಬಂದರೆ ಸಾಕು ಸೀಟು ಕೊಡಿ ಅನ್ನುತ್ತೇನೆಯೇ? ಇಲ್ಲ. ಅದರ ಕಥೆಯೂ ನನಗೆ ಗೊತ್ತು. ನಮ್ಮ ಸಂಬಂಧಿಕರಲ್ಲೇ ಒಬ್ಬರನ್ನು ಕೆಲವು ವರ್ಷಗಳ ಹಿಂದೆ ಒಂದು ಕಾಲೇಜು ಫೀಸ್ ಮನ್ನಾ ಮಾಡಿ ಆಟಕ್ಕಾಗಿ ಸೇರಿಸಿಕೊಂಡಿತ್ತು. ಅವರು ಎರಡು ವರ್ಷ ಆಡಿದರು. ಕಪ್ ಬಂತು, ಫೋಟೋ ಬಂತು. ಕ್ಲಾಸಿಗೆ ಬರದಿದ್ದರೂ ಯಾರೂ ಕೇಳಲಿಲ್ಲ. ಕೊನೆಗೆ 75 ಪರ್ಸೆಂಟ್ ಹಾಜರಾತಿ ಇಲ್ಲವೆಂದು ಪರೀಕ್ಷೆಗೆ ಕೂರಿಸಲಿಲ್ಲ. ಕಪ್ ಇನ್ನೂ ಆ ಕಾಲೇಜಿನ ಗಾಜಿನ ಬೀರುವಿನಲ್ಲಿದೆ ಎಂದು ಅವರೇ ಹೇಳುತ್ತಾರೆ. ಅವರು ಈಗ ಟೈರ್ ಅಂಗಡಿಯಲ್ಲಿದ್ದಾರೆ. ನನ್ನ ಅಮ್ಮಿ ಪ್ರತಿ ಸಂಜೆ ನಾನು ಶೂಸ್ ಹಾಕುವಾಗ ಅವರ ಹೆಸರು ಎತ್ತುತ್ತಾರೆ.

ಈ ಜಗಳ ನಮ್ಮ ತಾಲ್ಲೂಕಿನದು ಮಾತ್ರ ಅಂದುಕೊಂಡಿದ್ದೆ. ಅಮೆರಿಕದಲ್ಲಿ ಇದೇ ವಿಷಯಕ್ಕೆ 40 ವರ್ಷಗಳಿಂದ ಜಗಳ ನಡೆದಿದೆ. (ಅವರ ಫುಟ್‌ಬಾಲ್ ಕೈಯಲ್ಲಿ ಹಿಡಿದು ಓಡುವ ಆಟ. ಹೆಸರು ಮಾತ್ರ ನಮ್ಮದು.) ಅಲ್ಲಿನ ಕಾಲೇಜುಗಳು ಆಟಗಾರರನ್ನು ತಂದು, ಆಡಿಸಿ, ಓದಿಸದೆ ಬಿಡುತ್ತಿದ್ದವು. ಅದನ್ನು ತಡೆಯಲು ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ 1986ರಿಂದ ಒಂದು ನಿಯಮ ತಂದಿತು: ಹೈಸ್ಕೂಲಿನ ಮುಖ್ಯ ವಿಷಯಗಳಲ್ಲಿ 4ಕ್ಕೆ ಸರಾಸರಿ 2 ಇರಬೇಕು, ಜೊತೆಗೆ ಎಸ್‌ಎಟಿ ಪರೀಕ್ಷೆಯಲ್ಲಿ 1600ಕ್ಕೆ 700 ಬರಬೇಕು. ಉದ್ದೇಶ ಒಳ್ಳೆಯದೇ. ಆದರೆ ಪೆಟ್ಟು ಬಿದ್ದಿದ್ದು ಹೆಚ್ಚಾಗಿ ಬಡ ಶಾಲೆಗಳಿಂದ ಬಂದ ಕಪ್ಪು ಹುಡುಗರಿಗೆ. ನಿಯಮವನ್ನು ಇನ್ನೂ ಬಿಗಿ ಮಾಡಲು ಹೊರಟಾಗ, 1989ರ ಜನವರಿಯಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್ ಜಾನ್ ಥಾಂಪ್ಸನ್ ಆಟ ಶುರುವಾಗುವ ಮುಂಚೆಯೇ ಅಂಗಳ ಬಿಟ್ಟು ನಡೆದು ಪ್ರತಿಭಟಿಸಿದರು. ಮುಂದಿನ ವರ್ಷ ಆ ಬಿಗಿಯನ್ನು ಸಡಿಲಿಸಬೇಕಾಯಿತು. ಆಮೇಲೆ 1996ರಲ್ಲಿ ಹೊಸ ಪದ್ಧತಿ ಬಂತು. ಶಾಲೆಯ ಅಂಕ ಹೆಚ್ಚಿದ್ದರೆ ಎಸ್‌ಎಟಿ ಸ್ವಲ್ಪ ಕಡಿಮೆಯಿದ್ದರೂ ನಡೆಯುತ್ತದೆ, ತಕ್ಕಡಿಯ ಹಾಗೆ. 2023ರಲ್ಲಿ ಎಸ್‌ಎಟಿಯ ನಿಯಮವನ್ನೇ ತೆಗೆದುಹಾಕಿದರು. ಶಾಲೆಯ ಅಂಕದ ನಿಯಮವನ್ನು ಮಾತ್ರ ಬಿಡಲಿಲ್ಲ.

ಅಷ್ಟು ದೂರ ಬೇಡ ಅನ್ನುವವರಿಗೆ ಚೆನ್ನೈ ಇದೆ. ಐಐಟಿ ಮದ್ರಾಸ್ 2024–25ರಿಂದ ಆಟಗಾರರಿಗೆ ಪ್ರತಿ ಪದವಿ ಕೋರ್ಸಿನಲ್ಲಿ ಎರಡು ಹೆಚ್ಚುವರಿ ಸೀಟು ಇಟ್ಟಿದೆ. ಜೆಇಇ ಅಡ್ವಾನ್ಸ್‌ಡ್‌ನಲ್ಲಿ ಅರ್ಹತೆ ಬೇಕೇ ಬೇಕು. ಅದರ ಮೇಲೆ ಆಟದ ಸಾಧನೆ ನೋಡಿ ಸೀಟು ಕೊಡುತ್ತಾರೆ. ಹೆಚ್ಚುವರಿ ಸೀಟು ಆದ್ದರಿಂದ ಬೇರೆ ಯಾರ ಸೀಟೂ ಹೋಗುವುದಿಲ್ಲ. ದೇಶದಲ್ಲೇ ಅತಿ ಕಷ್ಟದ ಪ್ರವೇಶ ಇರುವ ಕಡೆ ಇದು ಆಗುತ್ತದೆ ಅಂದಮೇಲೆ ಹುಣಸೂರಿನಲ್ಲಿ ಆಗಬಾರದೇ? ಆ ಎರಡು ಸೀಟಿನಲ್ಲಿ ಒಂದು ಹುಡುಗಿಯರಿಗೆ. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಮುಂದಿನ ಬೆಂಚಿನವಳೊಬ್ಬಳು ತಿರುಗಿ, "ನಾವು ನಿಮ್ಮ ಕಟ್-ಆಫ್ ಯಾವಾಗಲೋ ದಾಟಿದ್ದೇವೆ, ನಮಗೆ ಬಾಲ್ ಯಾಕೆ ಕೊಡಲ್ಲ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ದೈಹಿಕ ಶಿಕ್ಷಣದ ಸರ್ ಈ ಲೇಖನ ಓದುತ್ತಿದ್ದರೆ ದಯವಿಟ್ಟು ಅವಳಿಗೆ ಉತ್ತರಿಸಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ನಾವು ಐಐಟಿಯಂತೆ ಹೊಸ ಸೀಟು ಹುಟ್ಟಿಸಲು ಆಗುವುದಿಲ್ಲ. ಆದರೆ ಕಳೆದ ವರ್ಷ ನಮ್ಮ ಕಾಮರ್ಸ್ ಸೆಕ್ಷನ್‌ನಲ್ಲಿ ಕೊನೆಯ ಎರಡು ಬೆಂಚು ಖಾಲಿ ಇದ್ದವು, ಈಗಲೂ ಖಾಲಿ. ಅಲ್ಲಿ ಆರು ಜನ ಕೂರಬಹುದು. ನಾಲ್ವರಾದರೂ ಆಟಗಾರರು ಬರಲಿ, ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕು, ಒಂದನೇ ಪರೀಕ್ಷೆಯಲ್ಲಾಗಲಿ ಎರಡನೆಯದರಲ್ಲಾಗಲಿ. ಪ್ರವೇಶದ ವಾರ ಅರ್ಧ ದಿನ ಮೈದಾನದಲ್ಲಿ ಅವರ ಆಟ ನೋಡಲಿ. ಸೇರಿದ ಮೇಲೆ 75 ಪರ್ಸೆಂಟ್ ಹಾಜರಾತಿ ವರ್ಷದ ಕೊನೆಯಲ್ಲಿ ಲೆಕ್ಕ ಹಾಕುವ ಬದಲು ಪ್ರತಿ ತಿಂಗಳು ನೋಡಲಿ. ತಿಂಗಳಲ್ಲಿ ಕಡಿಮೆ ಬಂದರೆ ಮುಂದಿನ ಪಂದ್ಯಕ್ಕೆ ಜರ್ಸಿ ಇಲ್ಲ. ಈ ಕೊನೆಯ ಷರತ್ತು ನನ್ನದೇ, ಟೈರ್ ಅಂಗಡಿಯಲ್ಲಿರುವ ನಮ್ಮ ಸಂಬಂಧಿಕರನ್ನು ನೆನೆದು ಹಾಕಿದ್ದು.

ಅವರನ್ನು ಯಾರು ಪಾಸ್ ಮಾಡಿಸುತ್ತಾರೆ ಎಂಬ ಪ್ರಶ್ನೆ ಬರುತ್ತದೆ. ನಾವೇ. ನನ್ನ ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಮಾಧ್ಯಮ, ಇಲ್ಲಿ ಅಕೌಂಟೆನ್ಸಿ ಇಂಗ್ಲಿಷಿನಲ್ಲಿ. ಮೊದಲ ಮೂರು ತಿಂಗಳು ಡೆಬಿಟ್ ಯಾವುದು ಕ್ರೆಡಿಟ್ ಯಾವುದು ತಿಳಿಯದೆ 91 ಪರ್ಸೆಂಟಿನವನೇ ಕಣ್ಣು ಬಿಟ್ಟಿದ್ದೆ. ಒಬ್ಬ ಸೀನಿಯರ್ ದಿನಾ ಅರ್ಧ ಗಂಟೆ ಕೂತು ಹೇಳಿಕೊಟ್ಟರು. ಪ್ರ್ಯಾಕ್ಟೀಸ್ ಮುಗಿದ ಮೇಲೆ ಆರರಿಂದ ಏಳರವರೆಗೆ ಒಂದು ರೂಮು, ಒಂದು ಲೈಟು ಕೊಟ್ಟರೆ ನಾವು ಐದು ಜನ ಹೇಳಿಕೊಡಲು ತಯಾರಿದ್ದೇವೆ. ಹೆಸರು ಬರೆದು ಕಚೇರಿಗೆ ಕೊಟ್ಟಾಗಿದೆ.

'ಮೈದಾನ್' ಸಿನಿಮಾ 2024ರಲ್ಲಿ ಬಂದಾಗ ನಮ್ಮ ಮನೆಯವರೆಲ್ಲ ಕೂತು ನೋಡಿದೆವು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರ ಕಥೆ. ಅವರ ತರಬೇತಿಯಲ್ಲಿ ಭಾರತ 1951 ಮತ್ತು 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂತು. ಅಬ್ಬಾ ಆಟ ನೋಡಿ ಚಪ್ಪಾಳೆ ತಟ್ಟಿದರು. ನನಗೆ ಆಮೇಲೆ ಓದಿ ತಿಳಿದದ್ದು, ರಹೀಮ್ ಸಾಹೇಬರು ಪದವಿ ಮುಗಿಸಿದವರು, ಶಾಲಾ ಮೇಷ್ಟರಾಗಿದ್ದವರು. ಕಪ್ಪು ಹಲಗೆ, ಮೈದಾನ ಎರಡೂ ಒಬ್ಬರ ಕೈಯಲ್ಲೇ ಇದ್ದವು. ನಮ್ಮ ರಾಜ್ಯದ ತಂಡ 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಾಗ ನಾನು ಹೈಸ್ಕೂಲಿನಲ್ಲಿದ್ದೆ. ಮರುದಿನ ಭಾನುವಾರ ಬೆಳಿಗ್ಗೆಯೇ ನನ್ನ ಗೆಳೆಯ ಬಾಲ್ ಹಿಡಿದು ನಮ್ಮ ಬೀದಿಗೆ ಬಂದಿದ್ದ. ಅವನಿಗೆ ಆ ತಂಡದ ಎಲ್ಲರ ಹೆಸರೂ ಬಾಯಿಪಾಠ ಇತ್ತು. ಸಮಾಜ ವಿಜ್ಞಾನದ ಇಸವಿಗಳು ಮಾತ್ರ ಯಾಕೋ ಉಳಿಯುತ್ತಿರಲಿಲ್ಲ.

ಅವನು ಈಗ ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬರುತ್ತಾನೆ. ಮೂರರಿಂದ ಐದರವರೆಗೆ ಪಾರ್ಟ್‌ನರ್‌ಶಿಪ್ ಲೆಕ್ಕ. ಗುಡ್‌ವಿಲ್ ಹಂಚುವುದನ್ನು ಎರಡು ವಾರದಲ್ಲಿ ಕಲಿತ, ರೀವ್ಯಾಲ್ಯುಯೇಷನ್ ಖಾತೆಯಲ್ಲಿ ಇನ್ನೂ ಎಡಬಲ ತಪ್ಪುತ್ತದೆ. ಐದಕ್ಕೆ ಮೈದಾನಕ್ಕೆ ಹೋಗಿ ಅವನು ನನಗೆ ಹತ್ತು ಪೆನಾಲ್ಟಿ ಹೊಡೆಯುತ್ತಾನೆ. ಕಳೆದ ವಾರ ಮೂರು ಹಿಡಿದೆ.