ಸ್ಮರಣ್‌ಗೆ ಖಾಯಂ ಜಾಗ ಸಿಗುವುದಿಲ್ಲವೆ?

‘ಮಹಾರಾಜ ಟ್ರೋಫಿಯಲ್ಲಿ ಮಿಂಚಿದವರು ದೊಡ್ಡ ತಂಡದಲ್ಲಿ ಖಾಯಂ ಆಗುವುದಿಲ್ಲ, ಆರ್. ಸ್ಮರಣ್ ಕೂಡ ಇದಕ್ಕೆ ಹೊರತಲ್ಲ’ ಎಂಬ ಅಭಿಪ್ರಾಯ ಓದಿದೆ. ಒಪ್ಪಲಾಗದು.

2024ರಲ್ಲಿ ನಮ್ಮ ಗುಲ್ಬರ್ಗಾ ಮಿಸ್ಟಿಕ್ಸ್ ಪರ ಮೈಸೂರಿನ ವಿರುದ್ಧ ಸ್ಮರಣ್ ಹೊಡೆದ ಅಜೇಯ 104 ಒಂದನ್ನೇ ಲೆಕ್ಕಕ್ಕೆ ಹಿಡಿದರೆ ಲೇಖಕರ ಅನುಮಾನಕ್ಕೆ ಅರ್ಥವಿತ್ತು. ಆದರೆ ಮುಂದಿನದ್ದನ್ನು ಅವರು ಬಿಟ್ಟಿದ್ದೇಕೆ? 2025ರ ಜನವರಿ 18ರಂದು ವಡೋದರಾದಲ್ಲಿ ವಿಜಯ್ ಹಜಾರೆ ಫೈನಲ್. ವಿದರ್ಭದ ಎದುರು ಕರ್ನಾಟಕ 67ಕ್ಕೆ ಮೂರು ವಿಕೆಟ್ ಕಳಕೊಂಡಿತ್ತು. ಆಗ ಈ ಎಡಗೈ ಹುಡುಗ ಸಹ ಆಟಗಾರ ಶ್ರೀಜಿತ್ ಜೊತೆ 160 ರನ್ ಸೇರಿಸಿದ, 101 ಹೊಡೆದ. ನಾವು 36 ರನ್ನಿನಿಂದ ಗೆದ್ದೆವು. ಅದೇ ತಿಂಗಳು ರಣಜಿಯಲ್ಲಿ ಪಂಜಾಬಿನ ವಿರುದ್ಧ 203. ಆ ವರ್ಷದ ಕೊನೆಗೆ ಕೇರಳ, ಚಂಡೀಗಢಗಳ ಮೇಲೆ ಮತ್ತೆರಡು ದ್ವಿಶತಕ, ಎರಡರಲ್ಲೂ ಔಟಾಗಲಿಲ್ಲ. ದಿನವಿಡೀ ನಿಂತು ಆಡುವ ಈ ತಾಳ್ಮೆ ಇಪ್ಪತ್ತು ಓವರಿನ ಮಹಾರಾಜ ಟ್ರೋಫಿಯಿಂದ ಬಂದುದಲ್ಲ.

ಭಾರತ ತಂಡದ ಮಾತು ಬೇರೆ. 2016ರಲ್ಲಿ ಚೆನ್ನೈಯಲ್ಲಿ ಅಜೇಯ 303 ಬಾರಿಸಿದ ಕರುಣ್ ನಾಯರ್ ಮತ್ತೆ ಟೆಸ್ಟ್ ಆಡಲು 2017ರಿಂದ 2025ರವರೆಗೆ ಕಾಯಬೇಕಾಯಿತು. ಅಲ್ಲಿ ರನ್ನಿನಷ್ಟೇ ಆಯ್ಕೆಗಾರರ ನಂಬಿಕೆಯೂ ಬೇಕು. ಆ ನಂಬಿಕೆಯ ಕೊರತೆಯನ್ನು ಆಟಗಾರನ ಕೊರತೆ ಎಂದು ಬರೆಯುವುದು ಅನ್ಯಾಯ.

ನಮ್ಮ ಜಿಲ್ಲೆಯ ನರೋಣಾ, ಆಳಂದದ ಮೈದಾನಗಳಲ್ಲಿ ಆಡುವ ಹುಡುಗರೂ ಇಂಥ ಬರಹ ಓದುತ್ತಾರೆ. ಲೇಖಕರು ದಯವಿಟ್ಟು ರಣಜಿಯ ಸ್ಕೋರುಗಳನ್ನು ನೋಡಿ ಮತ್ತೊಮ್ಮೆ ಬರೆಯಲಿ.