ಸೋತ ಮತಕ್ಕೂ ಬೆಲೆ ಇರಲಿ

ಫಲಿತಾಂಶ ಬಂದಾಗ ನಾವು ಗೆದ್ದವರನ್ನಷ್ಟೇ ನೋಡುತ್ತೇವೆ. ಸೋತ ಮತಗಳ ಗತಿಯೇನು? ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಲೆಕ್ಕ ನೋಡಿ. 2003ರಲ್ಲಿ ಅಲ್ಲಿ ವಾರ್ಡಿಗೆ ಒಬ್ಬನೇ ಸದಸ್ಯ. ಲೇಬರ್ ಪಕ್ಷ ಅರ್ಧಕ್ಕಿಂತ ಕಡಿಮೆ ಮತ ಪಡೆದು 79ರಲ್ಲಿ 71 ಸ್ಥಾನ ಗೆದ್ದಿತು. 2007ರಲ್ಲಿ ಪ್ರಮಾಣಾನುಗುಣ ಪ್ರಾತಿನಿಧ್ಯ ಬಂತು. ವಾರ್ಡಿಗೆ ಮೂರು-ನಾಲ್ಕು ಸದಸ್ಯರು. ಮತದಾರರು 1, 2, 3 ಎಂದು ತಮ್ಮ ಇಷ್ಟದ ಕ್ರಮ ಬರೆದರು. ಲೇಬರ್ 45ಕ್ಕೆ ಇಳಿಯಿತು, ಉಳಿದವರಿಗೂ ದನಿ ಸಿಕ್ಕಿತು.

ನಮ್ಮ ಜತ್ತ ತಾಲೂಕಿನ ಸರಕಾರಿ ಕನ್ನಡ ಪ್ರಾಥಮಿಕ ಶಾಲೆಗಳು ಸಾಂಗಲಿ ಜಿಲ್ಲಾ ಪರಿಷತ್ತಿನ ಕೈಯಲ್ಲಿವೆ. ಅಲ್ಲಿಗೆ ಈಗಲೂ ಕ್ಷೇತ್ರಕ್ಕೊಬ್ಬನೇ ಸದಸ್ಯ. ಕನ್ನಡ ಶಿಕ್ಷಕರನ್ನು ಕೇಳುವ ಮತ ಸೋತವರ ಪಾಲಾದರೆ ಐದು ವರ್ಷ ಮೌನವೇ ಗತಿ. ಕಾನೂನು ಬದಲಾಗಲಿ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿಯವರೆಗೆ, ಪಾಲಕರೇ, ಮತ ಕೇಳಲು ಬಂದ ಪ್ರತಿಯೊಬ್ಬರನ್ನೂ ಕೇಳೋಣ: ನಮ್ಮ ಕನ್ನಡ ಶಾಲೆಗೆ ಏನು ಮಾಡುತ್ತೀರಿ?